ಅರ್ಧ ಫ್ಲೆಕ್ಸ್

"ಆ ಫ್ಲೆಕ್ಸ್ ಇಳಿಸಪ್ಪ" ಎಂದು ಮಗಳು ಜೊವೆಲಿನ್ ಮತ್ತೆ ಹೇಳಿದಾಗಲೂ ಎಲ್ಪಿಡಿಯೊ ತಲೆ ಎತ್ತದೆ ಕಾಫಿಯಲ್ಲಿ ಬನ್ನು ಅದ್ದುತ್ತಲೇ ಇದ್ದ. ಬನ್ನು ಯಾವಾಗಲೋ ಕರಗಿ ಲೋಟದ ತಳ ಸೇರಿತ್ತು.

ಹೊರಗೆ ಈ ಕಂಬದಿಂದ ಆ ಕಂಬಕ್ಕೆ ಬಿಗಿದ ಫ್ಲೆಕ್ಸಿನಲ್ಲಿ ಅವಳು ನಗುತ್ತಿದ್ದಳು. ಮೇಲೆ 'ನಮ್ಮ ಕೇರಿಯ ಹೆಮ್ಮೆ', ಕೆಳಗೆ ಅವಳ ಹೆಸರು, ಅದರ ಕೆಳಗೆ ಮನಿಲಾದ ಆ ದೊಡ್ಡ ವಿಶ್ವವಿದ್ಯಾಲಯದ ಹೆಸರು. ಪಕ್ಕದಲ್ಲಿ ಕೇರಿಯ ಮುಖಂಡ ಕಪಿತಾನ್ ಬರ್ನಾಲ್ ಹೆಬ್ಬೆರಳು ಎತ್ತಿ ನಿಂತಿದ್ದ. ಅವನ ಮುಖ ಅವಳ ಮುಖಕ್ಕಿಂತ ದೊಡ್ಡದು. ಖರ್ಚು ಹಾಕಿದವನು ಅವನೇ ಅಲ್ಲವೇ, ಚುನಾವಣೆ ಬೇರೆ ಹತ್ತಿರ. ಪ್ರವೇಶ ಪರೀಕ್ಷೆಯ ಫಲಿತಾಂಶದ ದಿನ ಪ್ರಿಂಟಿಂಗ್ ಅಂಗಡಿಯಲ್ಲಿ ನೂಕುನುಗ್ಗಲು ಎಂದು ಮೊದಲೇ ಮಾಡಿಸಿ, ಹಿಂದಿನ ಸಂಜೆಯೇ ಕಟ್ಟಿಸಿಬಿಟ್ಟಿದ್ದ. ಹುಡುಗಿ ಶಾಲೆಗೇ ಮೊದಲು, ಪಾಸಾಗದೆ ಏನು ಎಂಬ ಧೈರ್ಯ. ಕೇರಿಯವರೆಲ್ಲ ಬಂದು ಕೈ ಕುಲುಕಿ, ಎಲ್ಪಿಡಿಯೊ ಮಾಡಿಸಿದ ಪಾನ್ಸಿತ್ ಶಾವಿಗೆ ತಿಂದು ಬಾಯಿ ಒರೆಸಿಕೊಂಡು ಹೋದರು. ಮರುದಿನ ಬೆಳಿಗ್ಗೆ ಪಾಸಾದವರ ಪಟ್ಟಿ ಬಂತು. ಅದರಲ್ಲಿ ಅವಳ ಹೆಸರಿರಲಿಲ್ಲ.

ಜೊವೆಲಿನ್ ಅತ್ತೂ ಅತ್ತೂ ಸೊರಗಿದ್ದಳು. ಕಡಲ ಜೀವಿಗಳನ್ನು ಓದಬೇಕು, ಅಲ್ಲಿಯೇ ಓದಬೇಕು ಎಂಬುದು ಚಿಕ್ಕಂದಿನಿಂದ ಕಟ್ಟಿಕೊಂಡ ಆಸೆ. ಅದು ಹೋಯಿತು. ಆಮೇಲೆ ಕಣ್ಣೊರೆಸಿಕೊಂಡು ಅದೇ ವಿಷಯ ಕಲಿಸುವ ಬೇರೆ ಕಾಲೇಜುಗಳನ್ನು ಹುಡುಕಿದಳು. ಪಕ್ಕದ ಪಟ್ಟಣ ಸಾನ್ ಗ್ರೆಗೋರಿಯೊದ ಮೀನುಗಾರಿಕೆ ಕಾಲೇಜಿನವರು ಸೀಟು ಕೊಟ್ಟಿದ್ದರು. ಹೆತ್ತವರು ಬಂದು ಸಹಿ ಹಾಕಬೇಕು. ಇವತ್ತೇ ಕೊನೆಯ ದಿನ.

"ಸಾನ್ ಗ್ರೆಗೋರಿಯೊದಲ್ಲಿ ಮಧ್ಯಾಹ್ನಕ್ಕೆ ಬಾಗ್ಲು ಹಾಕ್ತಾರಪ್ಪ."

"ಮೆಲ್ಲಗೆ! ಪಕ್ಕದ್ಮನೆಗೆ ಕೇಳ್ಸುತ್ತೆ."

"ಕೇಳ್ಸಲಿ. ಅಲ್ಲೂ ಅದೇ ಪಾಠ, ಅದೇ ಸಮುದ್ರ. ನಾನು ಮನಿಲಾದಲ್ಲಿ ಓದಿದ್ನಾ ಇಲ್ಲಿ ಓದಿದ್ನಾ ಅಂತ ಮೀನು ಕೇಳುತ್ತಾ?"

"ಮೀನು ಕೇಳಲ್ಲ ಕಣೆ, ಜನ ಕೇಳ್ತಾರೆ. ನನ್ನ ಬಾಡಿಗೆ ಗಾಡಿ ಹತ್ತಿದ್ರೆ ಸಾಕು, ಮಗಳು ಮನಿಲಾಗೆ ಯಾವಾಗ ಹೊರಡ್ತಾಳೆ ಅಂತಾರೆ."

"ನೀನೇನಂತೀಯ?"

"ಬಟ್ಟೆ ಹೊಲಿಸ್ತಾ ಇದೀವಿ ಅಂತೀನಿ" ಎಂದವನ ದನಿ ಬಿದ್ದುಹೋಗಿತ್ತು. ಜೊವೆಲಿನ್‌ಗೆ ಸಿಟ್ಟೂ ಬಂತು, ಅಪ್ಪನ ಮೇಲೆ ಅಯ್ಯೋ ಅಂತಲೂ ಅನ್ನಿಸಿತು.

ಅಷ್ಟರಲ್ಲಿ ಬಾಗಿಲಲ್ಲಿ ಬೈಕು ನಿಂತಿತು. ಕಪಿತಾನ್! ಮಳೆ ಹನಿ ಕೊಡವಿಕೊಂಡು ಒಳಗೆ ಬಂದವನು ಕೂರುವ ಮೊದಲೇ ಶುರುಮಾಡಿದ. "ವಿಷಯ ಗೊತ್ತಾಯ್ತಪ್ಪ. ಗಾಬರಿಯಾಗ್ಬೇಡ. ಫ್ಲೆಕ್ಸ್ ಅಲ್ಲೇ ಇರ್ಲಿ. ಈಗ ಇಳಿಸಿದ್ರೆ ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜು."

"ನಾನು ಪಾಸಾಗಿಲ್ವಲ್ಲ ಕಪಿತಾನ್" ಎಂದಳು ಜೊವೆಲಿನ್.

"ಮುಂದಿನ ವರ್ಷ ಇನ್ನೊಂದ್ಸಲ ಬರಿ."

"ಆ ಪರೀಕ್ಷೆ ಎರಡನೇ ಸಲ ಬರೆಯೋಕೆ ಬಿಡಲ್ಲ."

"ಅದು ನಿನಗೆ ಗೊತ್ತು. ಊರಿಗೆ ಗೊತ್ತಾ?" ಕಪಿತಾನ್ ನಕ್ಕು ಎಲ್ಪಿಡಿಯೊನ ಭುಜ ತಟ್ಟಿದ. "ಮನಿಲಾದಲ್ಲಿ ನನ್ನ ತಂಗಿ ಮನೆ ಇದೆ. ಇವಳನ್ನ ಅಲ್ಲಿಗೆ ಕಳ್ಸು. ಪಾತ್ರೆ-ಗೀತ್ರೆ ತೊಳ್ಕೊಂಡು, ಮಕ್ಕಳನ್ನ ಆಡಿಸ್ಕೊಂಡು ಇರ್ಲಿ. ಹುಡುಗಿ ಮನಿಲಾಗೆ ಹೋದ್ಲು ಅಂದ್ರೆ ಮುಗೀತು, ಯಾರು ಹೋಗಿ ನೋಡ್ತಾರೆ?"

ಎಲ್ಪಿಡಿಯೊ ಲೋಟ ಕೆಳಗಿಟ್ಟ. ಮಗಳ ಕಡೆ ನೋಡಿದ. ಅವಳು ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದಳು.  ಎಲ್ಪಿಡಿಯೊ ಎದ್ದು, ಮೀನು ಕೊಯ್ಯುವ ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಏಣಿ ಹೆಗಲ ಮೇಲೆ ಹೊತ್ತು ಹೊರಗೆ ನಡೆದ.

"ಹಾಂ, ಹಗ್ಗ ಸಡಿಲ ಆಗಿತ್ತು ನೋಡು, ಬಿಗಿಯಾಗಿ ಕಟ್ಟು" ಎಂದ ಕಪಿತಾನ್ ಹಿಂದೆಯೇ ಬಂದು.

ಎಲ್ಪಿಡಿಯೊ ಹಗ್ಗದ ತಂಟೆಗೆ ಹೋಗಲಿಲ್ಲ. ಚೂರಿಯನ್ನು ಫ್ಲೆಕ್ಸಿನ ನಟ್ಟನಡುವೆ ಇಳಿಸಿ ಪರ್‍ರನೆ ಸೀಳಿದ. ಆಚೆ ತುದಿಯ ಗಂಟು ಬಿಚ್ಚಿ ಮಗಳ ಪಾಲಿನ ಅರ್ಧವನ್ನು ಕೆಳಗಿಳಿಸಿದ. ಅದರ ಬುಡದಲ್ಲಿದ್ದ ವಿಶ್ವವಿದ್ಯಾಲಯದ ಹೆಸರನ್ನು ಒಂದೇ ಎಳೆತಕ್ಕೆ ಕತ್ತರಿಸಿ ಚರಂಡಿಗೆ ಎಸೆದ. ಮೇಲೆ ಕಪಿತಾನ್ ಒಬ್ಬನೇ ಉಳಿದು ಒಂದು ಕಂಬಕ್ಕೆ ಜೋತುಬಿದ್ದು ಖಾಲಿ ಗಾಳಿಗೆ ಹೆಬ್ಬೆರಳು ತೋರಿಸುತ್ತಿದ್ದ. ಕೆಳಗಿದ್ದ ಕಪಿತಾನನ ಬಾಯಿ ತೆರೆದೇ ಇತ್ತು.

ಎಲ್ಪಿಡಿಯೊನದು ಬೈಕಿನ ಪಕ್ಕಕ್ಕೆ ತಗಡಿನ ಗೂಡು ಜೋಡಿಸಿದ ಬಾಡಿಗೆ ಗಾಡಿ. ಗೂಡಿನ ಮಳೆ ಪರದೆ ಹರಿದು ಎಷ್ಟೋ ಕಾಲವಾಗಿತ್ತು. ಆ ಅರ್ಧ ಫ್ಲೆಕ್ಸನ್ನು ತಂದು ಅಲ್ಲಿಗೆ ಹಿಡಿದು ಕೇಳಿದ:

"ಮುಖ ಒಳಗೆ ಮಾಡಿ ಕಟ್ಲಾ, ಹೊರಗೆ ಮಾಡಿ ಕಟ್ಲಾ?"

"ಹೊರಗೆ ಮಾಡಿ ಕಟ್ಟಪ್ಪ."

"ಏಯ್, ನಿನಗೆ ಗಾಡಿ ಸ್ಟ್ಯಾಂಡಲ್ಲಿ ಪಾಳಿ ಬೇಕೋ ಬೇಡ್ವೋ?" ಎಂದು ಕಪಿತಾನ್ ಕೂಗಿದ. ಎಲ್ಪಿಡಿಯೊ ಕಿಕ್ ಹೊಡೆದ. ಗಾಡಿ ಗಲ್ಲಿಗಿಳಿಯಿತು. ಮಳೆಗೆ ಕಿಟಕಿಗಳಲ್ಲಿ ನಿಂತಿದ್ದವರೆಲ್ಲ ಇತ್ತಲೇ ನೋಡುತ್ತಿದ್ದರು. ಪರದೆಯ ಹಿಂದೆ ಕೂತ ಜೊವೆಲಿನ್ ಅಪ್ಪನ ಕಡೆಗೇ ನೋಡುತ್ತಿದ್ದಳು. ಯಾರಾದರೂ ತಡೆದು ಕೇಳಿದರೆ ಅಪ್ಪ ಮತ್ತೆ ಬಟ್ಟೆ ಹೊಲಿಸುವ ಕಥೆ ಹೇಳುತ್ತಾನೋ ಏನೋ.

ಯಾರಾದರೂ ಕೇಳುವವರೆಗೆ ಅವನು ಕಾಯಲಿಲ್ಲ. ದಿನವೂ ಸ್ಟ್ಯಾಂಡಿನಲ್ಲಿ ಜನರನ್ನು ಕರೆಯುವ ದನಿಯಲ್ಲೇ ಗಂಟಲು ಹರಿಯುವಂತೆ ಕೂಗಿದ:

"ಸಾನ್ ಗ್ರೆಗೋರಿಯೊ! ಸಾನ್ ಗ್ರೆಗೋರಿಯೊ! ಮೀನುಗಾರಿಕೆ ಕಾಲೇಜು! ಬರೋರು ಬನ್ನಿ, ಇನ್ನೊಬ್ರಿಗೆ ಜಾಗ ಇದೆ!"