ತಾಯಮ್ಮರಸರು

ಚೆಂಡುಹೂವಿನ ತೊಟ್ಟು ಮುರಿದ ವಾಸನೆ ಬಂದರೆ ಇಂದಿಗೂ ನನ್ನ ಕೈ ಪೆನ್ನು ಹುಡುಕುತ್ತದೆ.

ತೆರಕಣಾಂಬಿಯ ನಮ್ಮ ಹೊಲದ ಹುಣಸೆ ಮರದಡಿ ಅಜ್ಜಿ ಹೂವಿನ ರಾಶಿಯ ಮುಂದೆ ಕೂತಿದ್ದಳು. ಅವಳ ಬೆರಳೆಲ್ಲ ಅರಿಸಿನ ಬಣ್ಣ, ಅಂಟು ಅಂಟು. ಪಕ್ಕದಲ್ಲೇ ನಾನೂ ಅಣ್ಣನೂ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ಒಂದು ರಾಜ್ಯ ಕಟ್ಟುತ್ತಿದ್ದೆವು. ಅಲ್ಲಿ ಹಾರುವ ಆನೆಗಳಿದ್ದವು, ಏಳು ಕೋಟೆಗಳಿದ್ದವು. ಕೋಟೆಗೊಂದು ರಾಜಮನೆತನ ಬೇಕಿತ್ತು. ಅಣ್ಣ ಇತಿಹಾಸದ ಪುಸ್ತಕ ತೆರೆದಿಟ್ಟುಕೊಂಡು, ಹೊಯ್ಸಳರನ್ನು ತಿರುಚಿ ಪುಲಿಸಳರು, ಗಂಗರನ್ನು ತಿರುಚಿ ತುಂಗರು, ಹೀಗೆ ಆರು ಹೆಸರು ಬರೆದ. ಏಳನೆಯದನ್ನು ನಾನು ಬರೆದೆ: ತಾಯಮ್ಮರಸರು.

ತಾಯಮ್ಮ ಎಂದರೆ ನಮ್ಮ ಅಜ್ಜಿ. ಅಜ್ಜ ಬೇಗ ತೀರಿಕೊಂಡ ಮೇಲೆ ಆ ಹೊಲವನ್ನು ಉತ್ತು ಬಿತ್ತಿ ಮನೆ ನಡೆಸಿದವಳು ಅವಳೇ.

ಹೂವಿನ ಬುಟ್ಟಿ ಹೊತ್ತು ಬಂದ ಅಪ್ಪ ಬಗ್ಗಿ ಓದಿ ನಕ್ಕ. "ಎಂಗಸ್ರ ಎಸ್ರಲ್ಲಿ ಯಾವ ರಾಜವಂಸ ನಡ್ದದೆ? ಅಳಿಸ್ಬುಡು ಕಣಮ್ಮಿ."

ಅಣ್ಣ ತಕ್ಷಣ ನನ್ನತ್ತ ರಬ್ಬರ್ ಹಿಡಿದ.

"ನಾ ಅಳಿಸಕಿಲ್ಲ," ಎಂದೆ. ಅಪ್ಪನಿಗೆ ಎದುರಾಡಿದ್ದು ಅದೇ ಮೊದಲು. ಅವನ ನಗು ನಿಂತಿತು.

ಅಜ್ಜಿ ಹೂವಿನಿಂದ ತಲೆಯೆತ್ತದೆ ಕೇಳಿದಳು: "ಸಂತೇಲಿ ನಿನ್ನ ಯಾರ ಮಗ ಅಂತ ಕರೀತಾರ್ಲಾ?"

ಅಪ್ಪ ಬುಟ್ಟಿ ಇಳಿಸಿದ. "ತಾಯಮ್ಮನ ಮಗ ಅಂತ," ಎಂದ.

ನಾನು ಅಣ್ಣನ ಜೇಬಿನಿಂದ ಪೆನ್ನು ಎಳೆದುಕೊಂಡು ಆ ಹೆಸರಿನ ಮೇಲೆಯೇ ಒತ್ತಿ ಬರೆದೆ.