ಸೆಲ್ಮಿರಾಳ ಚಾಕು

“ಯಾರ ಹೊಟ್ಟೆಗೇ ಇದು?” ಎಂದು ಬೌದಿಲಿಯೋ ಕೇಳಿದ.

ಸೆಲ್ಮಿರಾ ತಲೆ ಎತ್ತಲಿಲ್ಲ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯೊಂದನ್ನು ವೈಸಿನಲ್ಲಿ ಬಿಗಿದು ಗರಗಸ ಎಳೆಯುತ್ತಿದ್ದಳು. ಉಕ್ಕು ಕಿರ್ರೆಂದಿತು. ಗರಗಸದ ಹಲ್ಲು ಉದುರಿತೇ ಹೊರತು ಪಟ್ಟಿಯ ಮೇಲೆ ಗೀರು ಕೂಡ ಬೀಳಲಿಲ್ಲ.

ಬೌದಿಲಿಯೋ ಕಿಸಕ್ಕೆಂದು ನಕ್ಕ. ತಾಂದಿಲ್ ಊರಿನ ಸುತ್ತಲಿನ ದನಗಾಹಿಗಳೆಲ್ಲ ಸೊಂಟಕ್ಕೆ ಸಿಕ್ಕಿಸುವುದು ಅವನು ಮಾಡಿದ ಚಾಕುವನ್ನೇ. ತಂಗಿ ಇಷ್ಟು ವರ್ಷ ಆ ಚಾಕುಗಳಿಗೆ ಚರ್ಮದ ಒರೆ ಹೊಲಿದವಳು, ಅಷ್ಟೇ. ಉಕ್ಕು ಮುಟ್ಟಲು ಅವನು ಬಿಟ್ಟವನೇ ಅಲ್ಲ.

“ಕುಲುಮೇಲಿ ಕೆಂಪಗೆ ಕಾಯಿಸಿ ಬೂದೀಲಿ ಹೂತಿಡಬೇಕು ಕಣೇ ಬೆಪ್ಪೇ. ನಿಧಾನಕ್ಕೆ ಆರಿದ್ಮೇಲೇ ಅದು ಮೆತ್ತಗಾಗೋದು. ಕೊಡಿಲ್ಲಿ, ಕೊಯ್ದು ಕೊಡ್ತೀನಿ.”

“ನೀನು ಕೈ ಹಚ್ಚಬೇಡ.”

“ಅಲ್ಲಿ ಒಳ್ಳೇ ಉಕ್ಕು ರಾಶಿ ಬಿದ್ದಿದೆ. ಈ ದರಿದ್ರದ ಪಟ್ಟಿ ಯಾಕೆ?”

“ಅದು ನಿಂದು. ಇದು ನನಗೆ ರಸ್ತೇಲಿ ಸಿಕ್ಕಿದ್ದು.”

ಅವನ ನಗು ಅಡಗಿತು. ಆ ಮನೆಯಲ್ಲಿ ನೆಟ್ಟಗೆ ಮಾತು ನಡೆದು ಎಷ್ಟೋ ಕಾಲವಾಗಿತ್ತು. ಧಾನ್ಯದ ಲಾರಿ ಓಡಿಸುವ ಫೆರ್ಮಿನ್ ಸೆಲ್ಮಿರಾಳನ್ನು ಕೇಳಿಕೊಂಡು ಬಂದಿದ್ದ. ಬೌದಿಲಿಯೋ ಚಾಕು ಹಿರಿದು ಅವನನ್ನು ಗೇಟಿನಾಚೆ ಅಟ್ಟಿದ. ಅಟ್ಟುವಾಗ ಕೆನ್ನೆಯ ಮೇಲೊಂದು ಗೆರೆಯನ್ನೂ ಎಳೆದ. ಈಗ ಸುಗ್ಗಿ ಮುಗಿದಿತ್ತು. ಭಾನುವಾರ ಫೆರ್ಮಿನ್ ದಕ್ಷಿಣಕ್ಕೆ ಹೊರಡುತ್ತಾನೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ಅವನ ಜೊತೆ ಹೋಗಬೇಕು. ಸೆಲ್ಮಿರಾಳಿಗೆ ಬೇಕಾಗಿದ್ದು ಅದೊಂದೇ. ಅವಳನ್ನು ಯಾರೂ ಕಟ್ಟಿಹಾಕಿರಲಿಲ್ಲ, ಬಾಗಿಲಿಗೆ ಬೀಗವೂ ಇರಲಿಲ್ಲ. ಆದರೆ ಸಾಯುವಾಗ ಅಮ್ಮ ಶಿಲುಬೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಳು, ಅಣ್ಣನನ್ನು ಬಿಟ್ಟು ಹೋಗಬೇಡ ಎಂದು. ಆಣೆ ಮುರಿಯುವ ಎದೆ ಅವಳಿಗಿಲ್ಲ. ಅದು ಗೊತ್ತಿದ್ದೇ ಆ ಪಾಪಿ ಮೆರೆಯುತ್ತಿದ್ದ. ಅಣ್ಣ ಎಂಬವನು ಇರುವವರೆಗೂ ಅವಳಿಗೆ ಬಿಡುಗಡೆಯಿಲ್ಲ ಎಂದು ಅಕ್ಕಪಕ್ಕದವರು ಆಡಿಕೊಂಡರು. ಈಗ ಅವಳು ಚಾಕು ಮಾಡಲು ಕೂತಿದ್ದಾಳೆಂದು ಕೇಳಿ ತಮ್ಮ ಮಾತಿಗೆ ತಾವೇ ಬೆದರಿದರು.

ಪಟ್ಟಿ ಬೂದಿಯಲ್ಲಿ ಆರಿತು. ಸೀಮೆಸುಣ್ಣದಲ್ಲಿ ಅಲಗಿನ ಗೆರೆ ಬರೆದು, ಗೆರೆಯ ಹೊರಗೇ ಗರಗಸ ಹಾಕಿ ಕೊಯ್ದಳು. ಅರ ಹಿಡಿದು ತಿಕ್ಕಿದಳು. ಅಂಗೈ ಬೊಬ್ಬೆ ಎದ್ದಿತು. ಆತುರಕ್ಕೆ ಬಿದ್ದು, ಕಾಯಿಸುವ ಮೊದಲೇ ಅಲಗಿನ ಬಾಯಿಯನ್ನು ತೀರಾ ತೆಳ್ಳಗೆ ಮಾಡಿಬಿಟ್ಟಳು. ಕೆಂಪಗೆ ಕಾದ ಅಲಗನ್ನು ಎಣ್ಣೆಗೆ ಅದ್ದಿದ್ದೇ ತಡ, ಅದು ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಯಿತು.

“ಹೋಯ್ತು! ಒರೆ ಹೊಲಿಯೋಳಿಗೆ ಯಾಕೆ ಬೇಕಿತ್ತು ಈ ಉಸಾಬರಿ?” ಎಂದ ಬೌದಿಲಿಯೋ.

ಅವಳು ಉಳಿದರ್ಧ ಪಟ್ಟಿಯನ್ನು ಮತ್ತೆ ವೈಸಿಗೆ ಕೊಟ್ಟಳು. ಈ ಸಲ ಬಾಯಿ ದಪ್ಪಗೇ ಉಳಿಸಿದಳು. ಕೊಯ್ದ ಅಲಗು ಕೈ ಜಾರಿ ಮೊನೆ ಕೆಳಗಾಗಿ ಮಣ್ಣಿಗೆ ನಾಟಿತು. ಅಪಶಕುನವೆಂದು ಬೌದಿಲಿಯೋ ಥಟ್ಟನೆ ಎದೆಯ ಮೇಲೆ ಶಿಲುಬೆ ಬರೆದುಕೊಂಡು ಅವತ್ತಿಗೆ ಕುಲುಮೆ ಆರಿಸಿದ. ಪಾದ್ರಿಯ ಮಾತು ಮೀರಿಯಾನು, ಚಾಕುವಿನ ಶಾಸ್ತ್ರ ಮೀರುವ ಆಸಾಮಿಯಲ್ಲ ಅವನು.

ಮಾರನೇ ದಿನ ಕಾಯಿಸಿ ಎಣ್ಣೆಗೆ ಅದ್ದಿದ ಅಲಗು ನೆಟ್ಟಗೇ ಉಳಿಯಿತು. ಪಕ್ಕದ ಮನೆಯ ಪೆಟ್ರೋನಾ ಅಜ್ಜಿ ಹಿಡಿಗೆಂದು ದನದ ಕೊಂಬು ಕೊಟ್ಟಳು. ಕೊಟ್ಟು ಅವಳ ಕೈ ಹಿಡಿದುಕೊಂಡಳು. “ಬೇಡ್ವೇ ನನ್ನವ್ವಾ. ಎಷ್ಟಾದ್ರೂ ಒಡಹುಟ್ಟಿದೋನು.”

“ಕಡೀಬೇಕಾದ್ದನ್ನ ಕಡೀಲೇಬೇಕು ಅಜ್ಜಿ.”

ಹಿಡಿ ಕೂರಿಸಿದ್ದನ್ನು ಬೌದಿಲಿಯೋ ದೂರದಿಂದಲೇ ನೋಡಿದ. “ನಿನ್ನ ಕೈಗೆ ದೊಡ್ಡದಾಯ್ತು.”

“ನನ್ನ ಕೈಗೆ ಅಂತ ಯಾರು ಹೇಳಿದ್ರು?”

ಫೆರ್ಮಿನ್‌ನ ಕೈ! ಇನ್ಯಾರದು? ಅಂದಿನಿಂದ ಬೌದಿಲಿಯೋ ಗೋಡೆಗೆ ಬೆನ್ನು ಕೊಟ್ಟೇ ಊಟಕ್ಕೆ ಕೂತ. ಹೊರಗೆ ಲಾರಿ ಸದ್ದಾದರೆ ತಟ್ಟೆ ಬಿಟ್ಟು ಸೊಂಟದ ಚಾಕು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಭಾನುವಾರ ಅಂಗಳದಲ್ಲಿ ಕೆಂಡದ ಮೇಲೆ ಪಕ್ಕೆಲುಬು ಬೇಯುತ್ತಿತ್ತು. ನೆರೆಯವರೆಲ್ಲ ತಂತಮ್ಮ ಚಾಕು ಹಿಡಿದು ಸುತ್ತ ನಿಂತಿದ್ದರು. ಗೇಟಿನಾಚೆ ಲಾರಿ ನಿಂತಿತು. ಹಾರ್ನ್ ಆಯಿತು. ಆಗ ಸೆಲ್ಮಿರಾ ಒಳಗಿನಿಂದ ಬಂದಳು. ಒರೆಯಿಲ್ಲದ ಚಾಕು ಕೈಯಲ್ಲಿತ್ತು.

ಜನ ಎರಡೂ ಕಡೆ ಸರಿದರು. ಬೌದಿಲಿಯೋನ ಕೈ ಸೊಂಟಕ್ಕೆ ಹೋಯಿತು. ಅವಳು ನೇರ ಅವನ ಮುಂದೆ ನಿಂತು, ಚಾಕುವನ್ನು ತಿರುಗಿಸಿ, ಹಿಡಿ ಅವನ ಕಡೆಗೆ ಬರುವಂತೆ ಮಾಂಸದ ಹಲಗೆಯ ಮೇಲಿಟ್ಟಳು.

“ತಗೋ. ನಿನಗೇ ಮಾಡಿದ್ದು.”

ಅವನು ಎತ್ತಿಕೊಂಡ. ಹಿಡಿ ಅವನ ಅಂಗೈಯಲ್ಲಿ ಸರಿಯಾಗಿ ಕೂತಿತು. ಅಬ್ಬಾ! ಹೋದ ಜೀವ ಬಂದಂತಾಗಿ ಅವನ ಕಣ್ಣು ತುಂಬಿತು. ಸರ್ರನೆ ಪಕ್ಕೆಲುಬಿನ ಮಾಂಸ ಕೊಯ್ದು ಬಾಯಿಗೆ ಹಾಕಿಕೊಂಡ. “ನೋಡ್ರೋ, ನನ್ನ ತಂಗಿ ಕೈಕೆಲಸ! ಬೆಣ್ಣೆ ಕೊಯ್ದಂಗೆ ಕೊಯ್ತದೆ!” ಎಂದು ಎಲ್ಲರಿಗೂ ತೋರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ.

ನಗದೆ ನಿಂತವಳು ಪೆಟ್ರೋನಾ ಅಜ್ಜಿ ಒಬ್ಬಳೇ. “ಏ ಬೌದಿಲಿಯೋ, ಕಾಸು ಕೊಟ್ಯೇನೋ?”

ಅವನು ಅಗಿಯುವುದನ್ನು ನಿಲ್ಲಿಸಿದ. ಬಿಟ್ಟಿ ಬಂದ ಚಾಕು ಕೊಟ್ಟವರ ಮತ್ತು ಪಡೆದವರ ನಂಟನ್ನು ಕಡಿದುಹಾಕುತ್ತದೆ. ಹೆತ್ತ ಮಗನೇ ಕೊಟ್ಟರೂ ಒಂದು ಬಿಡಿಕಾಸು ಅವನ ಕೈಗೆ ಹಾಕಿ, ಕೊಂಡೆ ಎನ್ನಿಸಿಕೊಂಡೇ ಮುಟ್ಟಬೇಕು. ಊರಿಗೆಲ್ಲ ಇದನ್ನು ಹೇಳಿಕೊಟ್ಟವನೇ ಅವನು. ಬದುಕಿದೆನಲ್ಲ ಎಂಬ ಖುಷಿಯಲ್ಲಿ ಮರೆತಿದ್ದ.

ಸೆಲ್ಮಿರಾ ಆಗಲೇ ಗಂಟು ಎತ್ತಿಕೊಂಡು ಗೇಟಿನ ಹತ್ತಿರವಿದ್ದಳು. ಅವನು ಜೇಬು ತಡಕಾಡಿ ಒಂದು ಪೆಸೊ ನಾಣ್ಯ ಹಿಡಿದು ಓಡಿದ. “ತಗೊಳ್ಳೇ! ನಿನ್ನ ಕಾಲಿಗೆ ಬೀಳ್ತೀನಿ, ಕೈ ಚಾಚೇ ಸೆಲ್ಮಿರಾ! ನಾನು ನಿನ್ನ ಅಣ್ಣ ಕಣೇ!”

“ಬೇಡ ಬಿಡಿ,” ಎಂದಳು ಅವಳು ಲಾರಿ ಹತ್ತುತ್ತ. “ನೀವು ಯಾರೋ, ನಾನು ಯಾರೋ.”