ಬಳೆ ಹಸಿರಾದ ಹೊತ್ತು

ಜಾತಕ ನೋಡುವ ಕಾಲ ಹೋಗಿ ಒಂದು ತಲೆಮಾರೇ ಆಗಿತ್ತು. ಈಗ ಎರಡೂ ಮನೆಯವರು ಒಟ್ಟಿಗೆ ಕೂತು ಧಾರಾವಾಹಿಯ ಒಂದು ಕಂತು ನೋಡಿದರೇ ಸಂಬಂಧ ಕುದುರುವುದು. ಹುಡುಗ, ಹುಡುಗಿ ಇಬ್ಬರ ಕೈಗೂ ಗಾಜಿನ ಬಳೆ ತೊಡಿಸುತ್ತಾರೆ. ಕಂಡದ್ದು ಮನಸ್ಸಿಗೆ ಹಿತವಾದರೆ ಬಳೆ ಹಸಿರಾಗುತ್ತದೆ.

ದಾವಣಗೆರೆಯ ಆ ನಡುಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಮುಗಿದು ಟೀವಿ ಹಚ್ಚಿದರು. ಶಿವಲೀಲಾಳ ಕಿವಿ ಟೀವಿಯ ಕಡೆಗಿದ್ದರೂ ಕಣ್ಣು ಮಾತ್ರ ಹುಡುಗ ರೇವಣಸಿದ್ಧನ ಬಳೆಯ ಮೇಲೇ ಇತ್ತು. ಅವಳ ಅಕ್ಕನ ಸಲ ಯಾರೂ ಹುಡುಗನ ಬಳೆಯನ್ನು ಹಾಗೆ ನೋಡಿರಲಿಲ್ಲ. ಅಕ್ಕ ಈಗ ಬೇಸಿಗೆಯಲ್ಲೂ ಉದ್ದತೋಳಿನ ಕುಪ್ಪಸ ತೊಡುತ್ತಾಳೆ.

ಧಾರಾವಾಹಿಯ ಗಂಡ ಹೆಂಡತಿಯ ಕೆನ್ನೆಗೆ ಬಾರಿಸಿದ. ಮರುಕ್ಷಣವೇ ಅವಳನ್ನು ತಬ್ಬಿ ಅತ್ತ. ಪಿಟೀಲು ಮೊಳಗಿತು. ಅಜ್ಜಿಯ ತೊಡೆಯ ಮೇಲೆ ಕೂತು ನೋಡುತ್ತಿದ್ದ ಕಾಲದಿಂದ ಶಿವಲೀಲಾ ಕೇಳಿಕೊಂಡು ಬಂದ ಅದೇ ಪಿಟೀಲು.

ರೇವಣಸಿದ್ಧನ ಬಳೆ ಹಸಿರಾಗಲಿಲ್ಲ. ಅವಳಿಗೆ ಹೋದ ಜೀವ ಬಂದಂತಾಯಿತು.

ಆದರೆ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ತಲೆ ತಗ್ಗಿಸಿದಳು. ಹಸಿರಾಗಿದ್ದದ್ದು ಅವಳ ಬಳೆ.

"ಇಲ್ಲ, ನನಗದು ಇಷ್ಟ ಇಲ್ಲ," ಎನ್ನುತ್ತ ಬಳೆಯ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸೆರಗಿನೊಳಗಿಂದಲೂ ಹಸಿರು ಕಾಣುತ್ತಿತ್ತು.

ಹುಡುಗನ ತಾಯಿ ಗಂಗಮ್ಮ ಎದ್ದು ಬಂದು ಅವಳ ಮುಡಿಗೆ ಮಲ್ಲಿಗೆ ಮುಡಿಸಿದಳು. "ಹೆದರಬ್ಯಾಡ ಮಗಳೇ. ನನ್ನ ನೋಡಾಕೆ ಬಂದಾಗ ನಂದೂ ಹಿಂಗೇ ಆಗಿತ್ತು. ಹೊಂದಿಕೊಂಡು ಹೋಗ್ತೀಯ ಬಿಡು."

ಶಿವಲೀಲಾ ದಿಕ್ಕು ತೋಚದೆ ರೇವಣಸಿದ್ಧನ ಕಡೆ ನೋಡಿದಳು. ಅವನು ಟೀವಿ ನೋಡುವುದನ್ನು ಬಿಟ್ಟು ಅವಳ ಸೆರಗಿನೊಳಗಿನ ಹಸಿರನ್ನೇ ನೋಡುತ್ತಿದ್ದ. ಅವನ ಬಳೆ ನಿಧಾನವಾಗಿ ಹಸಿರಾಗುತ್ತಿತ್ತು.